ಬೀಗದ ಒಳಗಿನ ಆಮೆನ್

ಕೆಲಸ ಬಿಡದೆಯೇ ದೇವಶಾಸ್ತ್ರದ ಮೇಲ್ಪದವಿ ಪಡೆಯಬಹುದೆಂದು ಕಾಲೇಜಿನವರು ಪ್ರಕಟಿಸಿದಾಗ, ಕೊಟ್ಟೂರಿನ ಪುಟ್ಟ ಸಭೆಯೊಂದರ ಪಾದ್ರಿಯಾಗಿದ್ದ ನಾನು ಹಿಂದುಮುಂದು ನೋಡದೆ ಸೇರಿಕೊಂಡೆ. ಪಾಠ ಅಂಚೆಯಲ್ಲಿ ಬರುತ್ತದೆ, ಓದುವುದೇನು ಮಹಾ! ಎಲ್ಲ ವಿಷಯಗಳಲ್ಲೂ ಪಾಸಾದೆ. ‘ಸಭಾಪಾಲನೆ’ಯಲ್ಲಿ ಮಾತ್ರ ಎರಡು ಸಲ ಡುಮ್ಕಿ ಹೊಡೆದೆ. ಅಂದರೆ ದಿನಾ ಮಾಡಿ ಅನ್ನ ತಿನ್ನುವ ಕೆಲಸದಲ್ಲೇ! ಇನ್ನೊಮ್ಮೆ ಫೇಲಾದರೆ ಹೆಸರು ತೆಗೆದುಹಾಕುತ್ತೇವೆ ಎಂದು ಪ್ರಾಂಶುಪಾಲರು ಖಡಾಖಂಡಿತವಾಗಿ ಹೇಳಿಬಿಟ್ಟರು.

ಪರೀಕ್ಷೆ ಹೊಸಪೇಟೆಯಲ್ಲಿ. ಹಿಂದಿನ ದಿನವಾದರೂ ಕೂತು ಓದೋಣವೆಂದರೆ ಜನ ಬಿಡಬೇಕಲ್ಲ? ಮಗುವಿನ ಜ್ವರ, ಸೊಸೆಯ ಮುನಿಸು, ಎಮ್ಮೆ ಒದೆಯುವುದು, ಎಲ್ಲಕ್ಕೂ ಪಾದ್ರಿಯ ಪ್ರಾರ್ಥನೆಯೇ ಆಗಬೇಕು. ಕೊನೆಗೆ ನನಗೊಂದು ಅದ್ಭುತ ಉಪಾಯ ಹೊಳೆಯಿತು.

“ನನ್ನ ಒಳಗ ಬಿಟ್ಟು, ಹೊರಗಿಂದ ಕೀಲಿ ಹಾಕ್ಕೊಂಡು ಸಂತಿಗೆ ಹೋಗು” ಎಂದೆ ಹೆಂಡತಿ ಸುಗುಣಾಳಿಗೆ.

“ಯಾರರ ಕೇಳಿದ್ರ ಸುಳ್ಳು ಹೇಳಾಕ ನನ್ನ ಕೈಲಿ ಆಗಂಗಿಲ್ರಿ.”

“ನೀ ಯಾಕ ಹೇಳ್ತಿ? ಕೀಲಿ ಹೇಳತೈತಿ!”

ಅವಳು ಹೋದಳು. ನಾನು ಪುಸ್ತಕ ತೆರೆದೆ. ಸಭಾಪಾಲಕನು ಜನರ ಕೈಗೆ ಸದಾ ಸಿಗುವಂತಿರಬೇಕು ಎಂಬ ಅಧ್ಯಾಯ. ಆ ಸಾಲಿಗೆ ಅಡಿಗೆರೆ ಎಳೆಯುತ್ತಿದ್ದೆ, ಕಟ್ಟೆಯ ಮೇಲೆ ಕಾಲಿನ ಸಪ್ಪಳ! ಕಿಟಕಿಯ ಸಂದಿಯಲ್ಲಿ ಇಣುಕಿದರೆ, ಸಭೆಯ ಹಿರಿಯ ಯೋಹಾನಪ್ಪ, ಮುದುಕಿ ಶಾಂತಮ್ಮ, ಅವರ ಹಿಂದೆ ಇಡೀ ಸಭೆ. ನಮ್ಮಲ್ಲಿ ಯಾರಾದರೂ ಪರವೂರಿಗೆ ಹೊರಟರೆ ಮನೆಗೆ ಬಂದು ಪ್ರಾರ್ಥಿಸಿ ಕಳಿಸುವ ವಾಡಿಕೆಯುಂಟು. ಅದೊಂದನ್ನು ನಾನು ಮರೆತಿದ್ದೆ.

“ಅಯ್ಯ, ಕೀಲಿ ಬಿದ್ದೈತಿ! ಅಯ್ಯನವರು ಇವತ್ತೇ ಹೋಗ್ಯಾರ” ಎಂದ ಯೋಹಾನಪ್ಪ.

“ಹೋದ್ರೇನಾತು? ದೇವರು ಊರು ಬಿಟ್ಟಿಲ್ಲಲ್ಲ. ಇಲ್ಲೇ ಮಾಡೂನು” ಎಂದು ಶಾಂತಮ್ಮ ಕಟ್ಟೆಯ ಮೇಲೇ ಪ್ರಾರ್ಥನೆ ಶುರು ಮಾಡಿದಳು. “ಸ್ವಾಮೀ, ನಮ್ಮ ಅಯ್ಯನವರು ಭಾಳ ಚಲೋ ಮನುಷ್ಯಾರು. ತಲಿ ಸ್ವಲ್ಪ ಮಂದ, ಅದು ನಿನಗೂ ಗೊತ್ತೈತಿ. ಭಾನುವಾರದ ಪ್ರಸಂಗ ಉದ್ದ ಮಾಡ್ತಾರ, ನಾವು ತಡಕೊಂಡೀವಿ. ಪೇಪರ್ ನೋಡೋ ಮಾಸ್ತರಿಗೂ ಆ ತಾಳ್ಮಿ ಕೊಡು. ಈ ಸಲ ಹೆಂಗರ ಮಾಡಿ ದಡ ಮುಟ್ಟಿಸಪ್ಪಾ!”

ಅವಮಾನದಿಂದ ನನ್ನ ಕಿವಿ ಬಿಸಿಯಾದವು. ಮುದುಕಿಯ ದನಿ ನಡುಗಿದ್ದು ಕೇಳಿ ಪುಸ್ತಕ ಮುಚ್ಚಿ ಕೈಮುಗಿದೆ. ಪ್ರಾರ್ಥನೆ ಮುಗಿಯಿತು. ವರ್ಷಗಟ್ಟಲೆಯ ಅಭ್ಯಾಸ ನೋಡಿ, ಬಾಯಿ ನನ್ನ ಮಾತು ಕೇಳಲಿಲ್ಲ.

“ಆಮೆನ್!” ಎಂದೆ. ಅದೂ ಭಾನುವಾರದ ದನಿಯಲ್ಲಿ!

ಹೊರಗೆ ಜನ ಕಟ್ಟೆಯಿಂದ ದಡಬಡ ಇಳಿದ ಸದ್ದು.

“ಕಳ್ಳ! ಒಳಗ ಕಳ್ಳ ಹೊಕ್ಕಾನ!” ಎಂದು ಯೋಹಾನಪ್ಪ ಕೂಗಿದ.

“ಕಳ್ಳ ಆಮೆನ್ ಅಂತಾನೇನೋ?” ಎಂದು ಶಾಂತಮ್ಮ ಗದರಿದಳು. “ಅಯ್ಯನವರ ದನಿ ಅದು. ಪಾಪ, ಅಮ್ಮನವರು ಕೂಡಿ ಹಾಕಿ ಹೋಗ್ಯಾರ!”

ಅಲ್ಲ, ನಾನೇ ಹಾಕಿಸಿಕೊಂಡೆ ಎನ್ನಬೇಕಿತ್ತು. ಎನ್ನಲಿಲ್ಲ. ಅಷ್ಟರಲ್ಲಿ ಸುಗುಣಾ ಕಾಯಿಪಲ್ಲೆ ಚೀಲ ಹೊತ್ತು ಬಂದಳು.

“ಏನ್ರಿ ಅಮ್ಮಾ, ಗಂಡನ್ನ ಹಿಂಗ ಕೂಡಿ ಹಾಕ್ತಾರೇನ್ರಿ?” ಎಂದು ಎಲ್ಲರೂ ಅವಳ ಮೇಲೆ ಮುಗಿಬಿದ್ದರು.

ಅವಳು ಬೀಗ ತೆಗೆದಳು. ನನ್ನತ್ತ ಒಂದು ನೋಟ ಬೀರಿ, ಬೀಗವನ್ನು ಎಲ್ಲರ ಮುಂದೆ ಎತ್ತಿ ಹಿಡಿದಳು.

“ನನ್ನ ಯಾಕ ಕೇಳ್ತೀರಿ? ಎಲ್ಲಾ ಕೀಲಿನೇ ಹೇಳತೈತಿ ಅಂದಿದ್ರು. ಹೇಳ್ಲಿ!”

ತಲೆ ತಗ್ಗಿಸಿ ನಿಜ ಒಪ್ಪಿಕೊಂಡೆ. ಒಬ್ಬರೂ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಬದಲಿಗೆ ಒಳಗೆ ಬಂದು, ನನ್ನನ್ನು ನಡುವೆ ಕೂರಿಸಿಕೊಂಡು, ಅದೇ ಪ್ರಾರ್ಥನೆಯನ್ನು ಮಂದ ತಲೆಯ ಸಮೇತ ಮೊದಲಿನಿಂದ ಮಾಡಿದರು! ಆಮೇಲೆ ಚಹಾ. ಆಮೇಲೆ ಜ್ವರ, ಸೊಸೆ, ಎಮ್ಮೆ. ಕತ್ತಲಾಗುವವರೆಗೆ ಒಂದು ಪುಟವೂ ಓದಲಾಗಲಿಲ್ಲ.

ಮರುದಿನ ಪ್ರಶ್ನೆಪತ್ರಿಕೆ ನೋಡಿದೆ. ಜನ ಬಾಗಿಲಿಗೆ ಬಂದಾಗ ಸಭಾಪಾಲಕನು ಹೇಗೆ ನಡೆದುಕೊಳ್ಳಬೇಕು? ನಾನು ಮಾಡಿದ್ದಕ್ಕೆಲ್ಲ ತದ್ವಿರುದ್ಧವಾಗಿ ಬರೆದುಬಂದೆ. ಪಾಸಾದೆ!

ಸಭೆಯವರು ಸನ್ಮಾನ ಇಟ್ಟುಕೊಂಡರು. ಹಾರ ಹಾಕಿದ ಮೇಲೆ ಶಾಂತಮ್ಮ ಬಣ್ಣದ ಕಾಗದದ ಪೊಟ್ಟಣ ಕೊಟ್ಟಳು. ಬಿಚ್ಚಿದರೆ, ಹೊಚ್ಚ ಹೊಸ ಬೀಗ!

“ಇನ್ನೂ ದೊಡ್ಡ ಪರೀಕ್ಷಿ ಬರೀರಿ ಅಯ್ಯನವರ. ಕೀಲಿಕೈ ಮಾತ್ರ ನನ್ನ ಹತ್ರ ಇರತೈತಿ” ಎಂದಳು.

ಸಭೆಯೆಲ್ಲ ಒಟ್ಟಿಗೆ “ಆಮೆನ್!” ಎಂದಿತು. ಅಂದು ಬಾಯಿ ಮುಚ್ಚಿಕೊಂಡಿದ್ದವನು ನಾನೊಬ್ಬನೇ.