ಶೇಂಗಾ ಕಿವಿಯಿಂದ ಬರಲಿಲ್ಲ

ನ್ಯಾಯಾಧೀಶರಾಗಬೇಕಾದರೆ ಕಾನೂನು ಓದಬೇಕು, ಕರಿ ಕೋಟು ಹೊಲಿಸಬೇಕು ಎಂದು ನೀವು ನಂಬಿದ್ದರೆ, ನಿಮ್ಮ ಮಕ್ಕಳು ಬಲು ಗಟ್ಟಿಮುಟ್ಟಾಗಿದ್ದಾರೆ ಎಂದೇ ಅರ್ಥ. ಮಕ್ಕಳ ದವಾಖಾನೆಯಲ್ಲಿ ಬೆಂಚಿನ ತುದಿ ಒಂದು ಸಿಕ್ಕರೆ ಸಾಕು, ಯಾರು ಬೇಕಾದರೂ ತೀರ್ಪು ಕೊಡಬಹುದು. ಅಲ್ಲಿ ಸಾಕ್ಷಿ ಬೇಡ, ವಕೀಲರು ಬೇಡ. ಅಪರಾಧಿಯನ್ನೂ ಮೊದಲೇ ಗೊತ್ತು ಮಾಡಿರುತ್ತಾರೆ. ಮಗುವನ್ನು ಎತ್ತಿಕೊಂಡು ಯಾರು ಒಳಗೆ ಬಂದರೋ ಅವರೇ.

ನಾನು ಏಕಸಂಬಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟವನು. ಆದರೆ ಊರಲ್ಲಿ ನನ್ನ ಹೆಸರು ಬೆಳೆದದ್ದು ಬೀಜದಿಂದಲ್ಲ, ಚೇಷ್ಟೆಯಿಂದ. ಗೆಳೆಯನೊಬ್ಬನನ್ನು ಅಂಗಡಿಯ ತಕ್ಕಡಿಯ ಮೇಲೆ ನಿಲ್ಲಿಸಿ, ಹಿಂದಿನಿಂದ ನನ್ನದೊಂದು ಕಾಲನ್ನೂ ಮೆಲ್ಲಗೆ ಇಟ್ಟು, ಹದಿಮೂರು ಕೆಜಿ ಜಾಸ್ತಿ ತೋರಿಸಿದ್ದೆ. ಆತ ಒಂದು ತಿಂಗಳು ಶ್ರೀಖಂಡ ಬಿಟ್ಟು, ನಸುಕಿನಲ್ಲಿ ಓಡಿ ಓಡಿ ನಿಜಕ್ಕೂ ಸಣ್ಣಗಾದ. ಇವತ್ತಿಗೂ ಅವನ ಸಕ್ಕರೆ ರೋಗ ಹತೋಟಿಯಲ್ಲಿರಲು ನಾನೇ ಕಾರಣ. ಒಂದು ಥ್ಯಾಂಕ್ಸ್ ಹೇಳಿಲ್ಲ, ಬಿಡಿ.

ಇಂಥ ಹತ್ತೆಂಟು ವಿದ್ಯೆಗಳಲ್ಲಿ ರಾಜನಂಥದ್ದು ಶೇಂಗಾದ ಆಟ. ಒಂದು ಶೇಂಗಾ ಕಾಳನ್ನು ಮೂಗಿಗೆ ಹಿಡಿದು, ಕೆನ್ನೆ ಉಬ್ಬಿಸಿ, ಕಣ್ಣು ಹೊರಳಿಸಿ, 'ಹುಂ' ಎಂದು ಕಿವಿಯಿಂದ ತೆಗೆಯುತ್ತೇನೆ. ನಲವತ್ತು ವರ್ಷಗಳಿಂದ ಎಷ್ಟು ಮದುವೆ, ಎಷ್ಟು ಸೀಮಂತಗಳಲ್ಲಿ ಮಾಡಿದ್ದೇನೋ ಲೆಕ್ಕವಿಲ್ಲ. ಗುಟ್ಟನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟಿಲ್ಲ. ನನ್ನ ಸ್ವಂತ ತಮ್ಮ ಹನ್ನೊಂದು ವರ್ಷ ಬೇಡಿಕೊಂಡು, ಕೊನೆಗೆ ನನ್ನೊಡನೆ ಮಾತು ಬಿಟ್ಟ. ಆದರೂ ಹೇಳಲಿಲ್ಲ.

ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ನಮಗೆ ಮಗಳು ಹುಟ್ಟಿದಳು, ಅಕ್ಷತಾ. ಈಗ ಅವಳಿಗೆ ಆರು, ನನಗೆ ಅರವತ್ತು. ಮೊನ್ನೆ ರವಿವಾರ ಮುಂಜಾನೆ ಹೆಂಡತಿ ಶೋಭಾ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಕಟ್ಟೆಯ ಮೇಲೆ ನಾನು ಮಗಳಿಗೆ ಶೇಂಗಾದ ಆಟ ತೋರಿಸಿದೆ. ಅವಳು ಬಾಯಿ ತೆರೆದು ನೋಡಿದಳು. ಅಷ್ಟರಲ್ಲಿ ಯಾರೋ ಕರೆದರು, ಎದ್ದು ಹೋದೆ. ಮರಳಿ ಬರುವಷ್ಟರಲ್ಲಿ ಮಗಳು ಕೆನ್ನೆ ಉಬ್ಬಿಸಿ, ಕಣ್ಣು ಹೊರಳಿಸಿ ಕೂತಿದ್ದಳು. ಆಟ ಮುಗಿಸಿ ನಾನು ಅಲ್ಲೇ ಇಟ್ಟು ಹೋಗಿದ್ದ ಶೇಂಗಾ ಕಾಳು ಕಾಣಲಿಲ್ಲ. ಎಡ ಹೊಳ್ಳೆ ಮಾತ್ರ ಊದಿತ್ತು.

ನನ್ನ ಬೈಕು ಚಿಕ್ಕೋಡಿಯ ದಾರಿಯಲ್ಲಿ ಹಾಗೆ ಎಂದೂ ಓಡಿರಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳ ಡಬಲ್ ಟ್ರೇಲಿಯ ನಡುವೆ ನುಗ್ಗಿ, ಬೈಸಿಕೊಳ್ಳುತ್ತಾ ಮಕ್ಕಳ ದವಾಖಾನೆ ಮುಟ್ಟಿದೆವು. ಶೋಭಾ ದಾರಿಯುದ್ದಕ್ಕೂ ಮಗಳಿಗೆ ಹೇಳುತ್ತಿದ್ದದ್ದು ಒಂದೇ ಮಾತು: "ಬಾಯಿಲೆ ಉಸರ ತಗೋ ನನ್ನವ್ವಾ, ಮೂಗಿಲೆ ಎಳಕೋಬ್ಯಾಡ."

ಹೆಸರು ಬರೆದುಕೊಳ್ಳುವ ಹುಡುಗಿ ತಲೆ ಎತ್ತದೆ, "ಅಜ್ಜಾರ, ಹುಡುಗಿ ಅಪ್ಪನ ಹೆಸರ ಹೇಳ್ರಿ" ಎಂದಳು. ಹೇಳಿದೆ.

"ನಿಮ್ಮ ಹೆಸರಲ್ಲರಿ. ಹುಡುಗಿ ಅಪ್ಪಂದು."

"ನಾನ ಅಪ್ಪರೀ."

ಪೆನ್ನು ನಿಂತಿತು. ಅವಳು ನನ್ನ ಬಿಳಿ ತಲೆ ನೋಡಿದಳು, ಶೋಭಾಳನ್ನು ನೋಡಿದಳು, ಮತ್ತೆ ನನ್ನ ತಲೆ ನೋಡಿದಳು.

"ನನ್ನ ನೋಡೂದ ಮುಗದಿದ್ರ, ಜರಾ ಹುಡುಗಿ ಮೂಗೂ ನೋಡ್ರಿ ತಂಗಿ. ಶೇಂಗಾ ಸಿಕ್ಕೊಂಡೈತಿ. ಅರ್ಜೆಂಟ್ ಐತಿ."

"ಇಲ್ಲಿ ಎಲ್ಲಾರ್ದೂ ಅರ್ಜೆಂಟನ ಐತ್ರಿ. ಪಾಳಿ ಬರೂತನಾ ಕುಂದರ್ರಿ."

ಕೂತೆವು. ಎದುರಿನ ಬೆಂಚಿನಲ್ಲಿ ಮೊಮ್ಮಗನ ಕೆಮ್ಮಿಗೆಂದು ಬಂದಿದ್ದ ಒಬ್ಬ ಮುದುಕಿ ಗಲ್ಲಕ್ಕೆ ಕೈ ಹಚ್ಚಿದಳು. "ಅಗಬಾಯೀ! ಶೇಂಗಾ ತಾನ ನಡಕೊಂತ ಮೂಗಿನ್ಯಾಗ ಹೋತೇನ? ತಾಯಿ ಆದಾಕಿ ಕಣ್ಣ ಎಲ್ಲಿಟ್ಟಿದ್ದಿ ಯವ್ವಾ?"

ಅವಳ ಪಕ್ಕದ ತರುಣ ಅಪ್ಪನೊಬ್ಬ, "ಏನ್ಮಾಡೂದ್ರಿ ಆಯಿ, ಈಗಿನ ಹೆಣ್ಮಕ್ಕಳಿಗೆ ಮೊಬೈಲ್ ಒಂದಿದ್ರ ಕೂಸಿನ ಖಬರ ಇರಂಗಿಲ್ಲ" ಎಂದ. ತನ್ನ ಮೊಬೈಲಿನಿಂದ ಕಣ್ಣು ತೆಗೆಯದೆಯೇ ಹೇಳಿದ. ಅವನ ಕೂಸು ಕೆಳಗೆ ಯಾರದೋ ಚಪ್ಪಲಿ ನೆಕ್ಕುತ್ತಿತ್ತು.

ಶೋಭಾಳ ಕೈಗೆ ರೊಟ್ಟಿಯ ಹಿಟ್ಟು ಹಾಗೇ ಒಣಗಿತ್ತು. ಒಮ್ಮೆ ನನ್ನ ಕಡೆ ನೋಡಿದಳು, ಅಷ್ಟೇ. ನಾನು ಗೋಡೆಯ ಮೇಲಿನ ಲಸಿಕೆಯ ಪಟ್ಟಿ ಓದತೊಡಗಿದೆ. ಹೌದು, ಓದಿದೆ. ಹತ್ತು ಜನರ ನಡುವೆ ಒಬ್ಬನೇ ಮಾತಾಡುವ ನಾನು, ನನ್ನ ತಪ್ಪಿಗೆ ಹೆಂಡತಿ ಬೈಸಿಕೊಳ್ಳುವಾಗ, ಪೋಲಿಯೋ ಹನಿಯನ್ನು ಯಾವಾಗ ಹಾಕಿಸಬೇಕೆಂದು ಎರಡು ಸಲ ಓದಿದೆ.

ಆಗ ಅಕ್ಷತಾ ಎಲ್ಲರಿಗೂ ಕೇಳುವ ಹಾಗೆ ಅಂದಳು: "ಅಪ್ಪಾ, ಕಿವಿತನಾ ಬಂತೇನ ನೋಡ. ನಿಂದು ಲಗೂನ ಬಂದಿತ್ತು."

ಎಲ್ಲರೂ ತಿರುಗಿದರು. ಅವಳಿಗೆ ಅದರ ಪರಿವೆಯಿಲ್ಲ. ಶೇಂಗಾಕ್ಕೆ ದಾರಿ ತಿಳಿದಿಲ್ಲವೆಂದುಕೊಂಡು, ಒಳಕ್ಕೆ ದೂಡಲು ಬೆರಳನ್ನು ಮೂಗಿಗೆ ಒಯ್ದಳು. ಶೋಭಾ "ಅಯ್ಯಯ್ಯ!" ಎಂದು ಕೈ ಹಿಡಿದಳು. ನಾನು ಎದ್ದು ನಿಂತೆ.

"ಹೌದ್ರಿ! ನಾನ ಕಲಿಸೇನಿ! ಈಕಿ ಒಳಗ ರೊಟ್ಟಿ ಬಡ್ಯಾಕತ್ತಿದ್ಲು, ಈಕಿದೇನೂ ತಪ್ಪಿಲ್ಲ. ಮುದುಕ ಆಗೇನಿ, ಖರೆ. ಬುದ್ಧಿ ಬಂದಿಲ್ಲ, ಅದೂ ಖರೆ. ನನಗ ಬೈಯೋರು ಎಲ್ಲಾರೂ ಇಲ್ಲೇ ಪಾಳಿ ಹಚ್ರಿ, ಬಂದು ಒಬ್ಬೊಬ್ಬರ ಕಡಿಂದ ಬೈಸ್ಕೋತೇನಿ. ಆದ್ರ ನನ್ನ ಮಗಳ ಮೂಗು ಪಾಳಿ ಕಾಯಂಗಿಲ್ಲ!"

ಮಗಳನ್ನು ಎತ್ತಿಕೊಂಡು ಬಾಗಿಲು ನೂಕಿದೆ. ಹೆಸರು ಬರೆಯುವ ಹುಡುಗಿ "ಅಜ್ಜಾರ! ಅಪ್ಪಾರ!" ಎಂದು ಎರಡೂ ಕೂಗಿದಳು. ಒಂದಕ್ಕೂ ನಿಲ್ಲಲಿಲ್ಲ.

ಒಳಗಿದ್ದ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೈಯಲಿಲ್ಲ. ಶೋಭಾಗೆ ಮಗಳ ತಲೆ, ನನಗೆ ಕಾಲು ಹಿಡಿಯಲು ಹೇಳಿದರು. ತುದಿ ಬಾಗಿದ ಸಣ್ಣ ಕಡ್ಡಿಯೊಂದನ್ನು ಒಳಗೆ ಇಳಿಸಿದರು. ನೆನೆದು ದಪ್ಪಗಾದ ಕಾಳು ಹೊರಬಿತ್ತು. ಮಗಳು ಒಮ್ಮೆ ಚೀರಿ, ಒಮ್ಮೆ ಸೀನಿ, "ಮೂಗಿನ್ಯಾಗಿಂದನ ಬಂತು" ಎಂದು ಬೇಸರದಿಂದ ಅಂದಳು.

"ಒಳಗ ಜಾರಿ ಉಸಿರಿನ ಕೊಳವಿಗೆ ಹೋಗಿದ್ರ ಭಾಳ ಕಠಿಣ ಆಗ್ತಿತ್ತು," ಎಂದರು ಡಾಕ್ಟರ್. "ತಡಾ ಮಾಡ್ದ ತಂದಿದ್ದು ಛಲೋ ಆತು."

"ಇನ್ನೊಮ್ಮೆ ಜೋರಲೆ ಹೇಳ್ರಿ ಮೇಡಮ್ಮಾರ, ಹೊರಗ ಕೇಳ್ಬೇಕು."

ಅವರು ನಗಲಿಲ್ಲ. ಔಷಧವೇನು ಎಂದು ಕೇಳಿದೆ. "ಔಷಧ ನಿಮಗ ಐತಿ. ಆ ಆಟ ಹೆಂಗ ಮಾಡ್ತೀರಿ, ಆಕಿಗೆ ಬಿಚ್ಚಿ ತೋರಿಸ್ರಿ. ಇಲ್ಲೇ, ನನ್ನ ಮುಂದ. ಇಲ್ಲಂದ್ರ ಸಂಜಿಗೆ ಮತ್ತ ಬರ್ತೀರಿ. ಬಲಗಡೆ ಹೊಳ್ಳಿ ಇನ್ನೂ ಖಾಲಿ ಐತಲ್ಲ."

ಇಡೀ ದವಾಖಾನೆಯನ್ನು ಎದುರಿಸಿದವನು ಈಗ ತಪ್ಪಿಸಿಕೊಳ್ಳಲು ಬಾಗಿಲ ಕಡೆ ನೋಡಿದೆ. ಸ್ವಂತ ತಮ್ಮನಿಗೆ ಹೇಳದ ಗುಟ್ಟು! ಬಾಗಿಲ ಸಂದಿಯಲ್ಲಿ ಆ ಮುದುಕಿಯ ತಲೆ, ಅದರ ಮೇಲೆ ತರುಣನ ತಲೆ, ಹೆಸರು ಬರೆಯುವ ಹುಡುಗಿಯ ತಲೆ. ಮಗಳ ಕೆಂಪು ಮೂಗು ನೋಡಿದೆ. ಜೇಬಿನಿಂದ ಶೇಂಗಾ ತೆಗೆದು, ಮೆಲ್ಲಗೆ, ಬಿಡಿಬಿಡಿಯಾಗಿ ತೋರಿಸಿದೆ. ಮೂಗಿನ ಹತ್ತಿರ ಹೋದ ಕಾಳು ಅಂಗೈಗೆ ಬಿತ್ತು. ಕಿವಿಯ ಹಿಂದಿನ ಎಡಗೈಯಲ್ಲಿ ಮೊದಲೇ ಇನ್ನೊಂದು ಕಾಳಿತ್ತು.

ಅಕ್ಷತಾ ನನ್ನ ಬಲಗೈ ನೋಡಿದಳು, ಎಡಗೈ ನೋಡಿದಳು.

"ಇಷ್ಟನಾ?"

ಮುದುಕಿಗೆ ಈಗ ಶೋಭಾಳ ಮೇಲೆ ಅಂತಃಕರಣ ಉಕ್ಕಿತು. "ಅಯ್ಯ ನನ್ನವ್ವಾ! ಇದನ್ನ ಇಷ್ಟ ವರ್ಷ ನೋಡ್ಕೊಂತ ಬಂದಿಯಾ?"

"ಎರಡು ಕಾಳ ಅನ್ನೂದು ಲಗ್ನಾದ ವಾರದಾಗನ ಗೊತ್ತಾಗಿತ್ರಿ ಆಯಿ," ಎಂದಳು ಶೋಭಾ, ಕೈಗಂಟಿದ ಹಿಟ್ಟನ್ನು ಉಜ್ಜಿ ಕಳೆಯುತ್ತಾ. "ನೋಡೋರು ಇಲ್ದಿದ್ರ ಪಾಪ ಇವರು ಎಲ್ಲಿ ಹೋಗ್ಬೇಕ್ರಿ?"

ಬೈಯುವವರು ಪಾಳಿ ಹಚ್ಚಿ ಎಂದು ಗುಡುಗಿದ್ದೆನಲ್ಲ, ಹೊರಗೆ ಬಂದಾಗ ಒಬ್ಬರೂ ಬೈಯಲಿಲ್ಲ. ಎಲ್ಲರೂ ಕನಿಕರದಿಂದ ದಾರಿ ಬಿಟ್ಟುಕೊಟ್ಟು, "ಹುಷಾರಲೆ ಹೋಗ್ರಿ ಅಜ್ಜಾರ" ಎಂದರು. ಬೈದಿದ್ದರೆ ಒಂದು ಕೈ ನೋಡುತ್ತಿದ್ದೆ.