ಮಾವನ ಕಾಲಡಿಯ ನೀರು

ಸತ್ತವರು ತಿರುಗಿ ಬರುತ್ತಾರೆ ಎಂಬುದರಲ್ಲಿ ನನಗೆ ನಂಬಿಕೆ ಇಲ್ಲ. ಹಗಲಿನಲ್ಲಿ, ಮನೆಯವರೆಲ್ಲ ಹತ್ತಿರವಿರುವಾಗ ಕೇಳಿದರೆ ಇದನ್ನು ಸಾಕಷ್ಟು ಗಟ್ಟಿಯಾಗಿಯೇ ಹೇಳುತ್ತೇನೆ. ಆದರೂ ನಮ್ಮ ಶಿರ್ವದ ಮನೆಯಲ್ಲಿ ಕಂಡದ್ದನ್ನು, ಏನೂ ಸೇರಿಸದೆ, ಕಂಡ ಹಾಗೆಯೇ ಹೇಳಿಬಿಡುತ್ತೇನೆ.

ಕಾರು ನನ್ನ ಮಾವನದು, ಹೆಂಡತಿ ಸರಿತಾಳ ಅಪ್ಪನದು. ಗಲ್ಫಿನಲ್ಲಿ ದುಡಿದು ಬಂದ ಅವರು ಮುದಿಪ್ರಾಯದಲ್ಲಿ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡರು. ಎರಡೇ ಸೀಟು, ಎಂಜಿನ್ ಬೆನ್ನ ಹಿಂದೆ, ರೇಡಿಯೇಟರ್ ಮೂಗಿನಲ್ಲಿ. ಮಾವ ತುಂಬ ಎತ್ತರದ ಮನುಷ್ಯ. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ದಿನಾ ಸಂಜೆ ಕಾಪು ಕಡಲತೀರಕ್ಕೆ ಹೋಗಿ ಉಪ್ಪುಗಾಳಿ ಕುಡಿದು ಬರುತ್ತಿದ್ದರು. ಕಾರೂ ಕುಡಿಯಿತು. ಅವರು ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂತು. ಸೀಟು ಮಾತ್ರ ಮುಂದೆ ಬರಲೊಪ್ಪಲಿಲ್ಲ. ಬೆನ್ನಿಗೆ ದಿಂಬು ಕೊಟ್ಟು ಓಡಿಸುತ್ತೇನೆ.

ಸೋರಿಕೆ ಎರಡಿತ್ತು. ಎಣ್ಣೆಯದು ಸುಲಭ: ಎಂಜಿನ್ ಮುಚ್ಚಳದ ಗ್ಯಾಸ್ಕೆಟ್ ಒಣಗಿ ಹಪ್ಪಳವಾಗಿತ್ತು, ಬದಲಿಸಿದೆ. ಇನ್ನೊಂದು ಕೂಲೆಂಟ್. ಬೆಳಿಗ್ಗೆ ನೋಡಿದರೆ ಕೆಂಪು ನೀರು ಎಂಜಿನ್ ಕೆಳಗಲ್ಲ, ಚಾಲಕನ ಸೀಟಿನ ಕೆಳಗೆ ನಿಂತಿರುತ್ತಿತ್ತು.

ಅತ್ತೆ ಅದನ್ನು ನೋಡಿ ಸೆರಗು ಬಾಯಿಗೆ ಹಿಡಿದರು. ಅರಿಶಿನಕ್ಕೆ ಸುಣ್ಣ ಕಲಸಿ ದೃಷ್ಟಿ ತೆಗೆಯುವ ಕುರ್ದಿ ನೀರಿನ ಬಣ್ಣ ಅದು.

"ಯಾರೋ ಕುರ್ದಿ ಚೆಲ್ಲಿ ಹೋಗಿದ್ದಾರೆ."

"ಎಂಜಿನ್ ತಣಿಸುವ ನೀರು, ಅತ್ತೆ."

"ಎಂಜಿನ್ ಹಿಂದೆ ಉಂಟಲ್ಲ? ಇದು ಅವರ ಕಾಲಡಿಗೆ ಎಂತಕ್ಕೆ ಬಂತು?"

ಭಾನುವಾರದೊಳಗೆ ಸೋರಿಕೆ ನಿಲ್ಲದಿದ್ದರೆ ಕಾರು ಉಚ್ಚಿಲದ ಗುಜರಿಯವನಿಗೆ ಎಂದು ಅತ್ತೆಯ ತೀರ್ಪಾಯಿತು.

ಕಾರ್ಕಳದ ಮೆಕ್ಯಾನಿಕ್ ದಿನೇಶ ಫೋನಿನಲ್ಲಿ ಹೇಳಿದ: "ಮಾರಾಯ್ರೆ, ಕೂಲೆಂಟಿಗೆ ಬಣ್ಣ ಹಾಕಿ ನಾಲ್ಕು ದಿನ ಓಡಿಸಿ. ಬರಿಗಣ್ಣಿಗೆ ಕಾಣುವುದಿಲ್ಲ. ಕತ್ತಲೆ ಮಾಡಿ ನೀಲಿ ಟಾರ್ಚ್ ಬಿಡಿ, ಸೋರಿದ್ದೆಲ್ಲ ಹಸಿರಾಗಿ ಹೊಳೆಯುತ್ತದೆ."

ಭಾನುವಾರ ಮಧ್ಯಾಹ್ನ ಚಾವಡಿಗೆ ತಾಗಿದ ಶೆಡ್ಡಿನ ಹೊರಬಾಗಿಲು, ಮನೆಯ ಕಿಟಕಿಗಳನ್ನು ಮುಚ್ಚಿ ಕಾರಿನಡಿ ಮಲಗಿದೆ. ಹಿಂದಿನಿಂದ ಮುಂದಕ್ಕೆ ನೀರೊಯ್ಯುವ ಕೊಳವೆ ಸೀಟಿನ ಕೆಳಗೇ ಹಾದುಹೋಗಿತ್ತು. ಅದರಲ್ಲಿ ತುಕ್ಕು ತಿಂದ ಸೂಜಿತೂತು ಹಸಿರಾಗಿ ಮಿಟುಕಿತು. "ಸಿಕ್ಕಿತು" ಎಂದೆ.

ಟಾರ್ಚ್ ಹಿಡಿದಿದ್ದ ಸರಿತಾ ಅದನ್ನು ಬೇರೆಡೆಗೆ ತಿರುಗಿಸಿದ್ದಳು. ಕಾರಿನ ಬಾಗಿಲಿನಿಂದ ಹೊಸ್ತಿಲು ದಾಟಿ, ಚಾವಡಿಯ ನೆಲದ ಮೇಲೆ, ಬರಿಗಾಲಿನ ಹಸಿರು ಹೆಜ್ಜೆಗಳು ಮಾವನ ಫೋಟೋದವರೆಗೆ ಹೋಗಿದ್ದವು. ಹಿಂತಿರುಗಿರಲಿಲ್ಲ.

ನನಗೆ ಕಾರಣ ಗೊತ್ತಿತ್ತು. ಬೆಳಿಗ್ಗೆ ಯಾರೂ ಏಳುವ ಮೊದಲು ಬರಿಗಾಲಲ್ಲೇ ಆ ನೀರನ್ನು ಪರೀಕ್ಷಿಸಿ, ಸೀದಾ ಹೋಗಿ ಫೋಟೋಗೆ ಕೈಮುಗಿಯುತ್ತಿದ್ದವನು ನಾನೇ. ನಂಬಿಕೆಯಿಂದಲ್ಲ, ಮುನ್ನೆಚ್ಚರಿಕೆಗೆ. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದು ನೆಲದಲ್ಲಿ ಕುಳಿತು ಒಂದು ಹೆಜ್ಜೆಯ ಪಕ್ಕ ಅಂಗೈ ಇಟ್ಟು, ಬಹಳ ಮೆತ್ತಗೆ ಅಂದರು: "ಮನೆಯೊಳಗೆ ಬಂದಿದ್ದಾರೆ. ಗುಜರಿಯವನಿಗೆ ಬೇಡವೆಂದು ಹೇಳು."

ಕಾರು ಉಳಿಯಿತು. ನಾನು ಬಾಯಿ ಮುಚ್ಚಿದೆ.

ಅವರು ಒಳಗೆ ಹೋದ ಮೇಲೆ, ಖಚಿತಪಡಿಸಿಕೊಳ್ಳೋಣವೆಂದು ಒಂದು ಹೆಜ್ಜೆಯ ಮೇಲೆ ನನ್ನ ಪಾದ ಇಟ್ಟೆ. ಹಿಮ್ಮಡಿ ಸರಿಯಾಗಿ ಕೂತಿತು. ಬೆರಳುಗಳು ತಲುಪಲಿಲ್ಲ. ಇನ್ನೊಂದರ ಮೇಲೂ ಇಟ್ಟೆ. ಅದೂ ಹಾಗೆಯೇ. ಕೇಳಿದ್ದಕ್ಕೆ, ಬಣ್ಣ ಹರಡುತ್ತದೆ ಎಂದು ದಿನೇಶ ಹೇಳಿದ, ಹರಡಿರಬಹುದು.

ಕೊಳವೆ ಬದಲಾಯಿತು, ನೆಲ ಈಗ ಒಣಗಿದೆ. ಸಂಜೆ ಕಾಪುವಿಗೆ ಹೊರಡುವಾಗ, ಹತ್ತುವ ಮೊದಲು ನಾನು ಎಡಗಡೆಯ, ಪಕ್ಕದ ಸೀಟಿನ ಬಾಗಿಲನ್ನು ಸ್ವಲ್ಪ ಹೊತ್ತು ತೆರೆದು ಹಿಡಿದು ಮುಚ್ಚುತ್ತೇನೆ. ಸರಿತಾ ಮೊನ್ನೆ ಕೇಳಿದಳು, "ನನ್ನನ್ನೂ ಒಮ್ಮೆ ಕಾಪುವಿಗೆ ಕರೆದುಕೊಂಡು ಹೋಗಬಹುದಲ್ವಾ?"

"ಜಾಗ ಎಲ್ಲುಂಟು? ಇರುವುದು ಎರಡೇ ಸೀಟು" ಎಂದುಬಿಟ್ಟೆ.