ಅತ್ತೆ, ನಕ್ಷೆ ಪುಸ್ತಕ ಮತ್ತು ಜಿಪಿಎಸ್‌ನ ಆಯಮ್ಮ

ಹೆಬ್ಬಾಳದಲ್ಲಿ ವಾಹನಗಳು ಯಾಕೆ ಸಾಲುಗಟ್ಟಿ ನಿಲ್ಲುತ್ತವೆ ಎಂದು ಯಾರನ್ನಾದರೂ ಕೇಳಿ. ವಿಮಾನ ನಿಲ್ದಾಣ ಅನ್ನುತ್ತಾರೆ, ಫ್ಲೈಓವರ್ ಅನ್ನುತ್ತಾರೆ, ಜನಸಂಖ್ಯೆ ಅನ್ನುತ್ತಾರೆ. ಎಲ್ಲ ಸುಳ್ಳು! ಕಾರಣ ನನ್ನ ಸೋದರತ್ತೆ. ರಸ್ತೆಯ ಅಂಚಿನಲ್ಲಿ ಇಂಡಿಕೇಟರ್ ಮಿಣುಕಿಸುತ್ತಾ ನಿಂತ ಹಳೆಯ ಬಿಳಿ ಮಾರುತಿ, ಒಳಗೆ ಸ್ಟೀರಿಂಗ್ ಮೇಲೆ ದಪ್ಪ ಪುಸ್ತಕ ಹರವಿಕೊಂಡು ಓದುತ್ತಿರುವ ಒಬ್ಬ ಹೆಂಗಸು. ಅದನ್ನು ಕಂಡು ನೀವು ಎಂದಾದರೂ ಬೈದಿದ್ದರೆ ಬೇಸರ ಬೇಡ. ನಾವೂ ಬೈದಿದ್ದೇವೆ.

ಅವರು ಓದುತ್ತಿದ್ದುದು ಬೆಂಗಳೂರಿನ ರಸ್ತೆಗಳ ನಕ್ಷೆ ಪುಸ್ತಕ. ಊರನ್ನು ಚೌಕ ಚೌಕವಾಗಿ ಕತ್ತರಿಸಿ, ಪುಟಕ್ಕೊಂದು ತುಂಡು ಹಾಕಿ ಹೊಲಿದಿದ್ದರಲ್ಲ, ಅಂಥದ್ದು. ಮಾವ ಕಾರು ಕೊಂಡ ವಾರವೇ ಅತ್ತೆ ಅದನ್ನು ಕೊಂಡರು. ಅಂದಿನಿಂದ ಮಾವ ಓಡಿಸುವುದು, ಅತ್ತೆ ಪಕ್ಕದಲ್ಲಿ ಕೂತು ದಾರಿ ಹೇಳುವುದು. ಮಾವನದು ಮಾತು ಬಹಳ ಕಡಿಮೆ. ಮಕ್ಕಳಿಲ್ಲದ ಅವರ ಕಾರಿನ ಹಿಂದಿನ ಸೀಟು ರಜೆಯಲ್ಲಿ ನನ್ನದೇ. ಅಲ್ಲಿಂದ ನನಗೆ ಕೇಳುತ್ತಿದ್ದುದು ಇಷ್ಟು:

"ರೀ, ಮುಂದೆ ಎಡಕ್ಕೆ."

"ಹೂಂ."

"ಎಡಕ್ಕೆ ಅಂದೆ ಕಣ್ರೀ!"

"ಹೂಂ."

ಮಾವ ಎಡಕ್ಕೇ ತಿರುಗುತ್ತಿದ್ದರು. ತಪ್ಪು ದಾರಿಯಾದರೆ? ಆಗಲೂ "ಹೂಂ". ಇಂಥ ಗಂಡ ಯಾರಿಗೆ ಸಿಗುತ್ತಾನೆ ಹೇಳಿ!

ಆ ಪುಸ್ತಕದ ದೆಸೆಯಿಂದ ಅತ್ತೆಗೆ ಊರೆಲ್ಲ ಪುಟಗಳಾಗಿಬಿಟ್ಟಿತ್ತು. ನೆಂಟರ ವಿಳಾಸ ಕೇಳಿದರೆ "ಪುಟ ಮೂವತ್ತೊಂದು, ಕೆಳಗೆ ಬಲಮೂಲೆ" ಎನ್ನುತ್ತಿದ್ದರು. ಅವರ ತವರು, ಅಂದರೆ ಕೊಡಿಗೇಹಳ್ಳಿಯ ನಮ್ಮ ಮನೆ, ಎರಡು ಪುಟಗಳ ನಡುವೆ ಹೊಲಿಗೆಯೊಳಗೆ ಸಿಕ್ಕಿಕೊಂಡಿತ್ತು. ಹುಟ್ಟಿ ಬೆಳೆದ ಮನೆಯ ಬಗ್ಗೆ ಅವರ ದೂರು ಅದೊಂದೇ: "ಅಲ್ಲಿಗೆ ಬರೋದೇ ಕಷ್ಟ ಕಣೇ, ಹೊಲಿಗೆ ದಾರದೊಳಗೆ ಹೋಗ್ಬಿಟ್ಟಿದೆ."

ಮಾವ ಒಂದು ಬೆಳಗ್ಗೆ ಕಾಫಿ ಕುಡಿಯುತ್ತಾ ಕೂತವರು ಹಾಗೇ ಹೋಗಿಬಿಟ್ಟರು. ಹೋಗುವಾಗಲೂ ಮಾತಿಲ್ಲ. ತಿಥಿ ಮುಗಿದ ಮೇಲೆ ನೆಂಟರೆಲ್ಲ ಕಾರು ಮಾರಿಬಿಡು ಎಂದರು. ಅತ್ತೆ ಎಲ್ಲರಿಗೂ ಕಾಫಿ ಕೊಟ್ಟು ಕಳಿಸಿ, ಆರ್.ಟಿ. ನಗರದ ತಮ್ಮ ಮನೆಯ ಹತ್ತಿರವೇ ಇದ್ದ ಡ್ರೈವಿಂಗ್ ಸ್ಕೂಲಿಗೆ ಸೇರಿದರು. ಅರವತ್ತು ಹತ್ತಿರ ಬಂದಿತ್ತು! ಮೊದಲ ದಿನ ಜೊತೆಗೆ ಹೋದವಳು ನಾನು.

"ಅಮ್ಮಾ, ಮೊದ್ಲು ಕ್ಲಚ್ ಒತ್ತಿ" ಎಂದ ಕಲಿಸುವವನು.

"ಅದಿರ್ಲಿ, ಎಲ್ಲಿಗೆ ಹೋಗ್ತಿದೀವಿ ಹೇಳಪ್ಪ."

"ಎಲ್ಲಿಗೂ ಇಲ್ಲಮ್ಮ, ಗ್ರೌಂಡಲ್ಲೇ ರೌಂಡು."

"ಎಲ್ಲಿಗೂ ಹೋಗ್ದೆ ಇದ್ರೆ ಯಾಕಪ್ಪ ಓಡಿಸ್ಬೇಕು?"

ಆತ ತಾನೇ ಕ್ಲಚ್ ಒತ್ತಿದ.

ಲೈಸೆನ್ಸ್ ಸಿಕ್ಕಿತು. ಆದರೆ ಓಡಿಸುವ ಕೈಯೂ ಅದೇ, ಪುಟ ತಿರುಗಿಸುವ ಕೈಯೂ ಅದೇ. ಹಾಗಾಗಿ ಪುಟ ಬದಲಾದಲ್ಲೆಲ್ಲ ಕಾರು ನಿಲ್ಲಬೇಕು. ಹೆಬ್ಬಾಳ ದುರದೃಷ್ಟಕ್ಕೆ ಒಂದು ಪುಟದ ಕೊನೆಯಲ್ಲಿತ್ತು! ಟ್ರಾಫಿಕ್ ಪೊಲೀಸಿನವರು ಓಡಿ ಬಂದು ಗಾಜು ಬಡಿದರೆ ಅತ್ತೆ ಗಾಜು ಇಳಿಸಿ, "ಸ್ವಲ್ಪ ಈ ತುದಿ ಹಿಡ್ಕೊಳ್ಳಿ ಸಾರ್, ಗಾಳಿಗೆ ಮಡಚ್ಕೊಳ್ತಿದೆ" ಎನ್ನುವರು. ಪಾಪ, ಅವರು ಹಿಡಿದುಕೊಂಡಿದ್ದನ್ನು ನಾನೇ ನೋಡಿದ್ದೇನೆ.

ಇದನ್ನೆಲ್ಲ ನೋಡಲಾರದೆ ನಾನು ಅವರಿಗೊಂದು ಸ್ಮಾರ್ಟ್‌ಫೋನ್ ತಂದುಕೊಟ್ಟು, ಅದರಲ್ಲಿ ಜಿಪಿಎಸ್ ಹಾಕಿ ಕಾರಿನಲ್ಲಿ ಸಿಕ್ಕಿಸಿದೆ. ಅದರೊಳಗಿಂದ ಇಂಗ್ಲಿಷಿನ ಹೆಣ್ಣುದನಿಯೊಂದು ಇನ್ನೂರು ಮೀಟರ್ ಹೋಗಿ ಬಲಕ್ಕೆ ತಿರುಗಿ ಎಂದಿತು.

"ಯಾರೇ ಇವಳು?"

"ದಾರಿ ಹೇಳೋಳು ಅತ್ತೆ."

"ಕೊಡಿಗೇಹಳ್ಳಿ ಅನ್ನೋಕೇ ಬಾಯಿ ತಿರುಗಲ್ಲ, ನಂಗೆ ದಾರಿ ಹೇಳ್ತಾಳಾ? ನಾನು ಅಲ್ಲಿ ಹುಟ್ಟಿದೋಳು!"

ನಾಗಸಂದ್ರದಲ್ಲಿ ಒಂದು ನಾಮಕರಣಕ್ಕೆ ಹೊರಟ ದಿನವಂತೂ ನೇರ ಯುದ್ಧವೇ ಆಯಿತು. ಮೆಟ್ರೋ ಕಂಬಗಳನ್ನು ದಾಟಿ ಬಂದಾಗ ಫೋನು ಎಡಕ್ಕೆ ಎಂದಿತು, ಪುಸ್ತಕ ಬಲಕ್ಕೆ ಎಂದಿತು. ಅತ್ತೆ ಬಲಕ್ಕೆ ಹೊಡೆದರು. ದಾರಿ ಸೀದಾ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಗೇಟಿಗೆ ಹೋಗಿ ನಿಂತಿತು. ಉತ್ತರ ಕರ್ನಾಟಕದ ಕಡೆಯ ಸೆಕ್ಯೂರಿಟಿಯವರು ದಾಖಲೆ ಪುಸ್ತಕ ಹಿಡಿದು ಬಂದರು.

"ಯಾವ ಫ್ಲ್ಯಾಟ್‌ಗೆ ಹೊಂಟೀರಿ ಅಮ್ಮಾರ?"

"ಫ್ಲ್ಯಾಟಿಗಲ್ಲಪ್ಪ, ರೋಡಿಗೆ. ನಿಮ್ಮ ಬಿಲ್ಡಿಂಗು ನಮ್ಮ ರೋಡಲ್ಲಿ ನಿಂತಿದೆ."

ಅತ್ತೆ ಪುಸ್ತಕ ತೋರಿಸಿದರು. ಆತ ಅದನ್ನು ನೋಡಿದರು, ತಲೆಯೆತ್ತಿ ಹತ್ತು ಮಹಡಿ ನೋಡಿದರು, ಮತ್ತೆ ಪುಸ್ತಕ ನೋಡಿದರು. "ಹೌದಲ್ರೀ! ಇಲ್ಲೇ ಐತಿ! ಆದ್ರ ನಾ ಏನ್ ಮಾಡ್ಲಿರಿ, ಗೇಟ್ ಅಷ್ಟ ನಂದು" ಎಂದು ನಿಜವಾಗಿಯೂ ನೊಂದುಕೊಂಡರು.

ನಾನು ಗೆದ್ದೆನೆಂದು ನಕ್ಕೆ. ಫೋನಿನ ಮಾತು ಕೇಳಿ ಹಿಂದೆ ಬಂದು, ಎಡಕ್ಕೆ ಹೊರಳಿ, ಓಣಿಯೊಳಗೊಂದು ಓಣಿ ಹಿಡಿದು ಹೋದರೆ, ದಾರಿ ಯಾರದೋ ದನದ ಕೊಟ್ಟಿಗೆಗೆ ಹೋಗಿ ಮುಗಿದಿತ್ತು. ಹುಲ್ಲು ಹಾಕುತ್ತಿದ್ದ ಅಜ್ಜ ತಲೆಯನ್ನೂ ಎತ್ತಲಿಲ್ಲ. "ನಾಮಕರಣಕ್ಕಾ? ಬೆಳಿಗ್ಗೆಯಿಂದ ಎಲ್ಲಾ ಇಂಗೇ ಬತ್ತಾವ್ರೆ. ತಿರುಗಿಸ್ಕಂಡು ಓಗಿ. ನಮ್ ಅಸ ಎದುರ್ಕೊಳ್ತದೆ, ಆರನ್ ಒಡೀಬ್ಯಾಡಿ." ನಾವು ತಲುಪುವ ಹೊತ್ತಿಗೆ ಮಗುವಿಗೆ ಹೆಸರಿಟ್ಟು, ಊಟವಾಗಿ, ಎಲೆ ಎತ್ತಿದ್ದರು.

ಅಂದಿನಿಂದ ಅತ್ತೆ ಫೋನನ್ನು ಡ್ಯಾಶ್‌ಬೋರ್ಡಿನ ಡಬ್ಬಿಯೊಳಗೆ ಹಾಕಿಟ್ಟರು. "ಒಂದ್ ಕಾರಲ್ಲಿ ದಾರಿ ಹೇಳೋರು ಒಬ್ರೇ ಇರ್ಬೇಕು ಕಣೇ. ಅದು ನನ್ ಕೆಲ್ಸ." ಅಂದಮೇಲೆ ಪಕ್ಕದ ಸೀಟು ಪುಸ್ತಕಕ್ಕೆ ಮೀಸಲು; ಅಲ್ಲಿ ಯಾರೂ ಕೂರುವಂತಿರಲಿಲ್ಲ, ನಾನೂ ಸಹ! ನನಗೆ ಅದೇ ಹಿಂದಿನ ಸೀಟು. ಬಾಡಿಗೆ ಕಾರಿನಲ್ಲಿ ಕೂತ ಹಾಗೆ ಕೂತು, ನಾನು ಜನರ ಕಣ್ಣು ತಪ್ಪಿಸಿಕೊಳ್ಳುತ್ತಿದ್ದೆ.

ಒಂದು ಭಾನುವಾರ ಸಂಜೆ ಫೋನು ಮಾಡಿದರೆ ಎತ್ತಲಿಲ್ಲ. ಕತ್ತಲಾಗುವ ಹೊತ್ತಿಗೆ ಅವರೇ ಮಾಡಿದರು.

"ಎಲ್ಲಿಗೆ ಹೋಗಿದ್ರಿ ಅತ್ತೆ?"

"ಯಲಹಂಕದ ಕಡೆ."

"ಯಾರ ಮನೆಗೆ?"

"ಯಾರ ಮನೆಗೂ ಇಲ್ಲ. ಪುಟ ಇಪ್ಪತ್ತೇಳಕ್ಕೆ ಹೋಗಿದ್ದೆ."

ನನಗೆ ನಗು ಬಂತು. ಅವರು ಮುಂದುವರಿಸಿದರು: "ಹೋದ್ ವಾರ ಇಪ್ಪತ್ತಾರು ಆಯ್ತು. ನಿಮ್ಮಾವ ಇದ್ದಾಗ ಆ ಕಡೆ ಕೆಲಸಾನೇ ಬರ್ತಿರ್ಲಿಲ್ಲ. ಜಕ್ಕೂರು ಕೆರೆ ಹತ್ರ ನಿಲ್ಸಿ ಕಡ್ಲೇಕಾಯಿ ತಿಂದೆ. ಜನ ಇದ್ರು. ಭಾನುವಾರ ಮನೇಲಿ ಟೀವಿ ಹಾಕಿದ್ರೂ ಏನೋ ಒಂಥರಾ ಕಣೇ." "ಸರಿ, ಅನ್ನಕ್ಕಿಡ್ಬೇಕು, ಇಡ್ತೀನಿ" ಎಂದರು. ಫೋನು ಇಟ್ಟ ಮೇಲೆ ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಒಬ್ಬರ ಅನ್ನಕ್ಕೆ ಎಷ್ಟು ಅಕ್ಕಿ ಹಿಡಿಯುತ್ತದೆ?

ಕಳೆದ ವರ್ಷ ಅವರ ಕಣ್ಣಿಗೆ ಪೊರೆ ಬಂತು. ಬೋರ್ಡುಗಳೆಲ್ಲ ಮಂಜಾಗುತ್ತಿದ್ದರೂ ಯಾರಿಗೂ ಹೇಳಿರಲಿಲ್ಲ. ಕಡೆಗೆ ಯಶವಂತಪುರದ ಹತ್ತಿರದ ಆಸ್ಪತ್ರೆಯೊಂದರಲ್ಲಿ ಒಂದು ಕಣ್ಣಿಗೆ ಆಪರೇಷನ್ ಆಯಿತು. "ಕಾರು ಓಡಿಸಬಹುದಾ?" ಎಂದು ಅವರು ಡಾಕ್ಟರನ್ನು ಕೇಳಿದರು. "ಇನ್ನೊಂದು ಕಣ್ಣೂ ಆಗ್ಲಿ, ಆಮೇಲೆ ನೋಡೋಣ" ಎಂದರು ಡಾಕ್ಟರು. ಅತ್ತೆ ಕಾರಿನ ಕೀಲಿಯನ್ನು ನನ್ನ ಕೈಗಿಟ್ಟರು.

ಆ ಸಂಜೆ ಕಾರು ನಾನು ಓಡಿಸಿದೆ. ಪುಸ್ತಕವನ್ನು ಹಿಂದಕ್ಕಿಟ್ಟು ಅವರನ್ನು ಪಕ್ಕದಲ್ಲಿ ಕೂರಿಸಿದೆ. ಒಂದು ಕಣ್ಣಿಗೆ ಪಟ್ಟಿ, ಮೇಲೆ ಕಪ್ಪು ಕನ್ನಡಕ. ಸೆರಗನ್ನು ಮಡಿಲಲ್ಲಿ ಹಿಡಿದುಕೊಂಡು ಕೂತಿದ್ದರು. ರೈಲ್ವೆ ಸ್ಟೇಷನ್ನು ದಾಟಿತು. ಎಡಕ್ಕೆ ಅನ್ನಲಿಲ್ಲ, ಬಲಕ್ಕೆ ಅನ್ನಲಿಲ್ಲ.

"ಎಲ್ಲಿಗೆ ಬಂದ್ವೇ?" ಎಂದರು ಮೆಲ್ಲಗೆ.

"ಮರಗಳ ರಸ್ತೆಗೆ ಬಂದ್ವಿ ಅತ್ತೆ."

"ಹೂಂ. ಏನೇನಿದೆ ಹೇಳು."

ನಾನು ಹೇಳತೊಡಗಿದೆ. ಬಸ್ ಸ್ಟಾಪಿನಲ್ಲಿ ಕಾಲೇಜು ಹುಡುಗಿಯರು, ಎಳನೀರಿನ ಗಾಡಿ, ನೇರಳೆ ಹೂವು ಬಿಟ್ಟ ಮರ. ಮೇಖ್ರಿ ಸರ್ಕಲ್ ಬಂತು, ಸಿಗ್ನಲ್ ಕೆಂಪಾಯಿತು, ಪಕ್ಕದ ಸ್ಕೂಟರಿನಲ್ಲಿ ಒಂದು ಮಗು ನಿಮ್ಮನ್ನೇ ನೋಡುತ್ತಿದೆ ಎಂದೆ. ಅತ್ತೆ ತಿರುಗಿ ನಕ್ಕರು. ಮಗು ಎಡಗಡೆಯಿತ್ತು, ಇವರು ನಕ್ಕಿದ್ದು ಬಲಗಡೆಗೆ. ನಾನು ತಿದ್ದಲಿಲ್ಲ. ಗಂಗಾನಗರ, ಹೂವಿನ ಅಂಗಡಿ, ದೋಸೆ ಹೋಟೆಲು, ಅದರ ಮುಂದೆ ನಿಂತ ಜನ. ಅವರು ಒಂದೊಂದಕ್ಕೂ "ಹೂಂ" ಎನ್ನುತ್ತಾ ಬಂದರು. ದನಿ ಬರಬರುತ್ತಾ ಸಡಿಲವಾಯಿತು.

ಮನೆಯ ಮುಂದೆ ಕಾರು ನಿಲ್ಲಿಸಿದೆ. "ಬಂತು ಅತ್ತೆ, ಮನೆ. ಇಳಿಸ್ತೀನಿ ಇರಿ."

ಅವರು ಬಾಗಿಲಿಗೆ ಕೈ ಹಾಕಲಿಲ್ಲ. ಗಾಜಿನಾಚೆ ಕತ್ತಲ ಮನೆಯಿತ್ತು.

"ನಿಂಗೆ ಕೆಲ್ಸ ಇದ್ಯೇನೇ?"

"ಇಲ್ಲ."

"ಇನ್ನೊಂದ್ ಸುತ್ತು ಹೋಗೋಣ. ಎಲ್ಲಿಗಾದ್ರೂ ಸರಿ. ನೀನೇ ಹೇಳ್ತಾ ಹೋಗು."

ನಾನು ಗಾಡಿ ಸ್ಟಾರ್ಟ್ ಮಾಡಿದೆ.